ಆತಿಥ್ಯ ಉದ್ಯಮದಲ್ಲಿ ಸಿಬ್ಬಂದಿಯ ನಿರಂತರ ತರಬೇತಿ

ಆತಿಥ್ಯ ಉದ್ಯಮದಲ್ಲಿ ಸಿಬ್ಬಂದಿಯ ನಿರಂತರ ತರಬೇತಿ ಎಂದರೆ ಹೋಟೆಲು, ವಸತಿಗೃಹ, ರೆಸಾರ್ಟ್, ಉಪಾಹಾರ ಮಂದಿರ, ಪ್ರವಾಸಿ ಶಿಬಿರ ಮೊದಲಾದ ಕಡೆಗಳಲ್ಲಿ ದುಡಿಯುವವರಿಗೆ ಸೇವಾವಧಿಯುದ್ದಕ್ಕೂ ಕಲಿಕೆಯನ್ನು ಒದಗಿಸುವ ವ್ಯವಸ್ಥೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ನೀಡುವ ಪರಿಚಯ ಪಾಠಕ್ಕಿಂತ ಇದು ಭಿನ್ನವಾದುದು. ಅಡುಗೆಮನೆಯ ಶುಚಿತ್ವ, ಅಗ್ನಿ ಸುರಕ್ಷತೆ, ಪ್ರಥಮ ಚಿಕಿತ್ಸೆ, ಭಾಷೆ, ಅತಿಥಿಗಳೊಡನೆ ನಡೆದುಕೊಳ್ಳುವ ರೀತಿ, ಹೊಸ ಯಂತ್ರಗಳ ಬಳಕೆ, ಸ್ಥಳೀಯ ಇತಿಹಾಸದ ತಿಳಿವಳಿಕೆ ಇವೆಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಈ ಉದ್ಯಮದಲ್ಲಿ ಸೇವೆ ಸಿದ್ಧವಾಗುವುದೂ ಬಳಕೆಯಾಗುವುದೂ ಒಂದೇ ಗಳಿಗೆಯಲ್ಲಿ. ಕಾರ್ಖಾನೆಯಲ್ಲಿ ದೋಷವಿರುವ ವಸ್ತುವನ್ನು ಪರೀಕ್ಷಿಸಿ ಬದಿಗಿಡಬಹುದು. ಬಡಿಸಿದ ಊಟವನ್ನೂ ಆಡಿದ ಮಾತನ್ನೂ ಹಾಗೆ ಹಿಂದಕ್ಕೆ ಪಡೆಯಲಾಗದು. ತರಬೇತಿಗೆ ಇಲ್ಲಿ ವಿಶೇಷ ಮಹತ್ವ ಬಂದಿರುವುದು ಈ ಕಾರಣದಿಂದ.

ಹಿನ್ನೆಲೆ

ಕರ್ನಾಟಕದಲ್ಲಿ ಹೋಟೆಲ್ ವಿದ್ಯೆ ಬಹುಕಾಲ ಶಾಲೆಯಲ್ಲಿ ಕಲಿಸುವ ವಿದ್ಯೆಯಾಗಿರಲಿಲ್ಲ. ಉಡುಪಿ ಸೀಮೆಯಿಂದ ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೊರಟ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ, ಮೇಜು ಒರೆಸಿ, ಮಾಣಿಗಳಾಗಿ, ಅಡುಗೆ ಭಟ್ಟರ ಕೈಕೆಳಗೆ ಪಳಗಿ, ಕೆಲವರು ಗಲ್ಲಾದ ಮೇಲೆ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದರು. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದವರು ರಾತ್ರಿ ಹಲಗೆಯ ಮುಂದೆ ಕುಳಿತು ಓದಿ, ಮೆಟ್ರಿಕ್ ಪರೀಕ್ಷೆ ಕಟ್ಟಿದರು. ಉದ್ಯೋಗಸ್ಥರ ಶಿಕ್ಷಣದ ಚರಿತ್ರೆಯಲ್ಲಿ ಈ ಶಾಲೆಗಳಿಗೆ ಸಲ್ಲಬೇಕಾದಷ್ಟು ಸ್ಥಾನ ಇನ್ನೂ ಸಂದಿಲ್ಲ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಕಲಿಕೆಯು ಸಂಸ್ಥೆಯೊಂದನ್ನು ಹೇಗೆ ಉಳಿಸುತ್ತದೆ ಎಂಬುದಕ್ಕೆ ನಿದರ್ಶನ. ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಕೈಗೊಂಡು, ಅಲ್ಲಿನ ಉಪಾಹಾರ ಮಂದಿರಗಳ ಶುಚಿತ್ವ ಮತ್ತು ಶಿಸ್ತನ್ನು ಕಂಡು ಬಂದು, ತಮ್ಮ ಅಡುಗೆಮನೆಯಲ್ಲಿ ಆ ಕ್ರಮಗಳನ್ನು ಜಾರಿಗೆ ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಇದೇ ಅಡುಗೆಮನೆ ರವೆ ಇಡ್ಲಿಯನ್ನು ರೂಪಿಸಿತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಮಿತಿ ಬಿದ್ದಾಗ ಸಂಸ್ಥೆ ಸಿದ್ಧ ಆಹಾರ ಮಿಶ್ರಣಗಳ ತಯಾರಿಕೆಯತ್ತ ಹೊರಳಿತು. ಮಾಲೀಕನೇ ವಿದ್ಯಾರ್ಥಿಯಾಗಲು ಒಪ್ಪಿದಲ್ಲಿ ಕೆಲಸಗಾರರಿಗೆ ಕಲಿಯುವುದು ಅವಮಾನವೆನಿಸುವುದಿಲ್ಲ.

ಶಾಲಾ ರೂಪದ ಶಿಕ್ಷಣ ಅನಂತರ ಬಂದಿತು. ಬೆಂಗಳೂರಿನಲ್ಲಿ ಸರ್ಕಾರದ ಹೋಟೆಲ್ ನಿರ್ವಹಣಾ ಸಂಸ್ಥೆಯಿದೆ. ಮಣಿಪಾಲದಲ್ಲಿ 1986ರಲ್ಲಿ ವೆಲ್‌ಕಮ್‌ಗ್ರೂಪ್ ಹೋಟೆಲ್ ಆಡಳಿತ ಪದವಿ ಶಾಲೆ ಆರಂಭವಾಯಿತು. ಆದರೆ ಪದವೀಧರರು ಹೆಚ್ಚಾಗಿ ಸೇರುವುದು ದೊಡ್ಡ ಹೋಟೆಲುಗಳನ್ನು. ಹೆದ್ದಾರಿ ಬದಿಯ ದರ್ಶಿನಿಯಲ್ಲಿ ಸಾಂಬಾರು ಬಡಿಸುವವನಿಗೆ ತರಬೇತಿ ಸಿಗಬೇಕಾದರೆ ಅದು ಕೆಲಸದ ಸ್ಥಳದಲ್ಲೇ ಸಿಗಬೇಕು.

ಕಾವೇರಿ ತೀರದ ಶಿಬಿರಗಳು

ಕನಕಪುರ ತಾಲ್ಲೂಕಿನ ಗಾಳಿಬೋರೆ ಹಾಗೂ ನೆರೆಯ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಮತ್ತು ರೆಸಾರ್ಟ್ಸ್ ಸಂಸ್ಥೆಯ ಶಿಬಿರಗಳಿವೆ. 1980ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಇಲ್ಲಿ ನಡೆಸುತ್ತಿದ್ದುದು ಮೀನು ಹಿಡಿಯುವ ಶಿಬಿರಗಳನ್ನು. ದೇಶ ವಿದೇಶಗಳಿಂದ ಬಂದ ಹವ್ಯಾಸಿಗಳು ಗಾಳ ಹಾಕಿ ಭಾರಿ ಗಾತ್ರದ ಮಹಶೀರ್ ಮೀನನ್ನು ಹಿಡಿದು, ತೂಕ ಮಾಡಿ, ಚಿತ್ರ ತೆಗೆಸಿಕೊಂಡು, ಮತ್ತೆ ಹೊಳೆಗೇ ಬಿಡುತ್ತಿದ್ದರು. ಅವರಿಗೆ ದಾರಿ ತೋರಿಸಿದವರು ಸ್ಥಳೀಯ ಹಳ್ಳಿಗರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೂ ಅವರಲ್ಲಿದ್ದರು. ಹೊಳೆಯ ಮಡುಗಳನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಆ ಅರಿವು ಮೀನನ್ನು ಕೊಲ್ಲುವ ಬದಲು ಕಾಯುವ ಕೆಲಸಕ್ಕೆ ಒದಗಿತು.

ಈ ಪ್ರದೇಶ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿದೆ. ಧಾಮದೊಳಗೆ ಮೀನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬ ನಿಲುವು ಬಲಗೊಂಡು, 2010ರ ಆಸುಪಾಸಿನಿಂದ ಗಾಳದ ಮೀನುಗಾರಿಕೆ ನಿಂತುಹೋಯಿತು. ಶಿಬಿರಗಳು ಪ್ರಕೃತಿ ಹಾಗೂ ಸಾಹಸ ಶಿಬಿರಗಳೆಂದು ಮಾರ್ಪಟ್ಟವು. ಕಾಯಿದೆಯ ಸರಿ ತಪ್ಪುಗಳ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ: ಶಿಬಿರಗಳು ಹೋದರೆ ಹೊಳೆಯ ಕಾವಲೂ ಹೋಗುತ್ತದೆ ಎಂಬುದು ಒಂದು ವಾದ, ಕ್ರೀಡೆಗಾದರೂ ಧಾಮದ ಪ್ರಾಣಿಯನ್ನು ಹಿಂಸಿಸಬಾರದು ಎಂಬುದು ಇನ್ನೊಂದು.

ತರಬೇತಿಯ ದೃಷ್ಟಿಯಿಂದ ಮುಖ್ಯವಾದುದು ಬೇರೆ. ಗಾಳ, ದಾರ, ಮಡುಗಳ ಜ್ಞಾನವೇ ಬಂಡವಾಳವಾಗಿದ್ದ ಕೆಲಸಗಾರನಿಗೆ ಆ ಬಂಡವಾಳ ಒಮ್ಮೆಲೇ ಬೆಲೆ ಕಳೆದುಕೊಂಡಿತು. ಇನ್ನು ಮುಂದೆ ಅವನು ಹಕ್ಕಿಗಳನ್ನು ಗುರುತಿಸಬೇಕು, ಬೂದು ಬಣ್ಣದ ದೊಡ್ಡ ಅಳಿಲನ್ನು ಮರದ ಮೇಲೆ ತೋರಿಸಬೇಕು, ಚಾರಣಕ್ಕೆ ಜನರನ್ನು ಕರೆದೊಯ್ಯಬೇಕು, ಹರಿಗೋಲಿನಲ್ಲಿ ಕುಳಿತವರೆಲ್ಲ ತೇಲುವ ಕವಚ ತೊಟ್ಟಿದ್ದಾರೆಯೇ ಎಂದು ನೋಡಬೇಕು. ಸಂಗಮ, ಮೇಕೆದಾಟುಗಳ ನೀರಿನ ಸೆಳೆತಕ್ಕೆ ಸಿಕ್ಕಿ ಪ್ರವಾಸಿಗರು ಪ್ರಾಣ ಕಳೆದುಕೊಂಡ ಪ್ರಸಂಗಗಳು ಅನೇಕ. ಇಲ್ಲಿ ಸುರಕ್ಷತೆಯ ಪಾಠ ಕಡತದಲ್ಲಿ ಉಳಿದರೆ ಜೀವಹಾನಿಗೆ ದಾರಿ. ಒಮ್ಮೆ ಕಲಿತ ಪ್ರಥಮ ಚಿಕಿತ್ಸೆಯೂ ಅಭ್ಯಾಸವಿಲ್ಲದೆ ಕೆಲವೇ ತಿಂಗಳಲ್ಲಿ ಕೈ ತಪ್ಪುವುದರಿಂದ, ಅದನ್ನು ನಿಯತವಾಗಿ ಮತ್ತೆ ಮಾಡಿಸಲೇಬೇಕಾಗುತ್ತದೆ.

ಹೆದ್ದಾರಿ ಮತ್ತು ಹೋಟೆಲುಗಳು

ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ರಾಮನಗರದ ಜಾನಪದ ಲೋಕದ ಬಳಿಯ ಊಟದ ಮನೆಗಳು ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಪ್ರಯಾಣಿಕರನ್ನು ನೆಚ್ಚಿ ಬೆಳೆದವು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪೇಟೆಗಳನ್ನು ಹೊರವಲಯದಲ್ಲೇ ದಾಟಿಸುವುದರಿಂದ, ತಾನಾಗಿ ನಿಲ್ಲುತ್ತಿದ್ದ ಗಿರಾಕಿ ಕಡಿಮೆಯಾದನು. ಹುಡುಕಿಕೊಂಡು ಬರುವ ಗಿರಾಕಿಯನ್ನು ಉಳಿಸಿಕೊಳ್ಳುವುದು ಈಗಿನ ಸವಾಲು. ಅಂಥವನು ಇಡ್ಲಿಯ ರುಚಿಯೊಂದಿಗೆ ಶೌಚಾಲಯದ ಸ್ಥಿತಿಯನ್ನೂ ಬಡಿಸುವವನ ಮಾತನ್ನೂ ನೆನಪಿಟ್ಟುಕೊಳ್ಳುತ್ತಾನೆ, ದೂರವಾಣಿಯಲ್ಲಿ ಅಂಕ ಕೊಡುತ್ತಾನೆ.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆಯಲ್ಲಿ ಸ್ಥಳಜ್ಞಾನದ ತರಬೇತಿಗೂ ಅವಕಾಶ ಹೇರಳವಾಗಿದೆ. ಮಾಗಡಿ ತಾಲ್ಲೂಕಿನ ಕಲ್ಯವನ್ನೇ ತೆಗೆದುಕೊಳ್ಳಬಹುದು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು 1368ರಲ್ಲಿ ತೀರ್ಮಾನಿಸಿದ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದ್ದರೆ ಇನ್ನೊಂದು ಕಲ್ಯದಲ್ಲಿದೆ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಇಲ್ಲಿಯೇ ಐಕ್ಯನಾದನೆಂಬ ಪ್ರತೀತಿಯೂ ಇದೆ. ಸಾವನದುರ್ಗಕ್ಕೆಂದು ಬಂದು ತಂಗಿದ ಅತಿಥಿಗೆ ಹತ್ತಿರದಲ್ಲಿ ನೋಡುವಂಥದ್ದು ಮತ್ತೇನಿದೆ ಎಂದು ಕೇಳಿದಾಗ ಸ್ವಾಗತದ ಮೇಜಿನಲ್ಲಿರುವವರು ಇಷ್ಟು ಹೇಳಬಲ್ಲವರಾದರೆ ಆ ಅತಿಥಿ ಇನ್ನೊಂದು ದಿನ ಉಳಿಯುವ ಸಂಭವವಿದೆ.

ಕಾನೂನಿನ ಅಗತ್ಯಗಳು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅಡಿಯಲ್ಲಿ ಆಹಾರ ಪ್ರಾಧಿಕಾರವು 2017ರಲ್ಲಿ ಫೋಸ್ಟಾಕ್ ಎಂಬ ತರಬೇತಿ ಕಾರ್ಯಕ್ರಮವನ್ನು ಆರಂಭಿಸಿತು. ಆಹಾರ ಮುಟ್ಟಿ ಕೆಲಸ ಮಾಡುವ ಪ್ರತಿ 25 ಮಂದಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬುದು ಅದರ ಆಶಯ. ಆತ ಉಳಿದವರಿಗೆ ಕಲಿಸಬೇಕು. ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕೆಂಬುದು ಮೂಲ ಪಾಠಗಳಲ್ಲೊಂದು. ಇವೆರಡರ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಮಧ್ಯಾಹ್ನದ ಅನ್ನವನ್ನು ರಾತ್ರಿಯವರೆಗೆ ಒಲೆಯ ಪಕ್ಕದಲ್ಲೇ ಬಿಡಬಾರದು ಎಂಬುದನ್ನು ಕಾರಣಸಹಿತ ತಿಳಿದವನು ಮೇಲ್ವಿಚಾರಕ ಇಲ್ಲದಾಗಲೂ ಪಾಲಿಸುತ್ತಾನೆ. ಕಾರಣ ತಿಳಿಯದವನಿಗೆ ಅದು ಬರಿಯ ಅಪ್ಪಣೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯೂ ನಿಯತ ಅವಧಿಯಲ್ಲಿ ಅರಿವು ಕಾರ್ಯಕ್ರಮ ನಡೆಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ.

ವಿಧಾನ ಮತ್ತು ಪರಿಣಾಮ

ಅತಿ ಸರಳವಾದ ವಿಧಾನವೆಂದರೆ ಪಾಳಿ ಶುರುವಾಗುವ ಮುನ್ನ ಎಲ್ಲರೂ ಹತ್ತು ಹದಿನೈದು ನಿಮಿಷ ನಿಂತು ಮಾತನಾಡುವುದು. ರಿಟ್ಜ್ ಕಾರ್ಲ್ಟನ್ ಹೋಟೆಲು ಸಮೂಹ ಈ ರೂಢಿಗೆ ಹೆಸರಾಗಿದೆ. ಇದಕ್ಕೆ ಕೊಠಡಿಯೂ ಬೇಡ, ಹಣವೂ ಬೇಡ. ಚಿಕ್ಕ ಹೋಟೆಲುಗಳೂ ಅಳವಡಿಸಿಕೊಳ್ಳಬಹುದು. ಒಬ್ಬನೇ ವ್ಯಕ್ತಿಯನ್ನು ಸರದಿಯಂತೆ ಬೇರೆ ಬೇರೆ ವಿಭಾಗಗಳಲ್ಲಿ ದುಡಿಸುವುದು, ಹಿರಿಯನೊಬ್ಬನ ಜೊತೆ ಹೊಸಬನನ್ನು ಬಿಡುವುದು ಇತರ ಕ್ರಮಗಳು.

2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನ ಮೇಲೆ ಭಯೋತ್ಪಾದಕರ ದಾಳಿ ನಡೆದಾಗ ಅಲ್ಲಿನ ನೌಕರರು ಓಡಿಹೋಗದೆ ಅತಿಥಿಗಳನ್ನು ಪಾರುಮಾಡಲು ನಿಂತರು. ಹಲವರು ಪ್ರಾಣ ತೆತ್ತರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರೋಹಿತ್ ದೇಶಪಾಂಡೆ ಈ ನಡವಳಿಕೆಯನ್ನು ಅಧ್ಯಯನ ಮಾಡಿ, ಸಂಸ್ಥೆಯು ಮಹಾನಗರಗಳಿಗಿಂತ ಸಣ್ಣ ಊರುಗಳಿಂದ ಜನರನ್ನು ಆರಿಸಿಕೊಳ್ಳುವುದನ್ನೂ, ವಾಡಿಕೆಯ 12 ತಿಂಗಳ ಬದಲು 18 ತಿಂಗಳು ತರಬೇತಿ ನೀಡುವುದನ್ನೂ ಕಾರಣಗಳಲ್ಲಿ ಗುರುತಿಸಿದರು. ಧೈರ್ಯವನ್ನು ಪಾಠವಾಗಿ ಕಲಿಸಲು ಬರುತ್ತದೆಯೇ ಎಂಬುದು ಚರ್ಚಾಸ್ಪದ. ಮೇಲಿನವರ ಅಪ್ಪಣೆಗೆ ಕಾಯದೆ ನಿರ್ಧರಿಸುವ ಅಭ್ಯಾಸವನ್ನಂತೂ ಕಲಿಸಬಹುದು.

ತರಬೇತಿಯ ಫಲವನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಸೂಚಿಸಿದ ನಾಲ್ಕು ಹಂತಗಳು ಪ್ರಚಲಿತವಾಗಿವೆ: ಕಲಿತವರ ಪ್ರತಿಕ್ರಿಯೆ, ಕಲಿಕೆಯ ಪ್ರಮಾಣ, ನಡವಳಿಕೆಯಲ್ಲಿನ ಬದಲಾವಣೆ, ಸಂಸ್ಥೆಗೆ ದೊರೆತ ಫಲಿತಾಂಶ. ಬಹುಪಾಲು ಸಂಸ್ಥೆಗಳು ಮೊದಲನೆಯ ಹಂತದಲ್ಲೇ, ಅಂದರೆ ಶಿಬಿರ ಚೆನ್ನಾಗಿತ್ತು ಎಂದು ಬರೆಯಿಸಿಕೊಳ್ಳುವಲ್ಲೇ ನಿಂತುಬಿಡುತ್ತವೆ.

ಅಡೆತಡೆಗಳು

ಕಲಿಸಿದವನು ಹೆಚ್ಚು ಸಂಬಳಕ್ಕೆ ಬೇರೆಡೆ ಹೋಗುತ್ತಾನೆ ಎಂಬುದು ಮಾಲೀಕರ ಸಾಮಾನ್ಯ ದೂರು. ಅದರಲ್ಲಿ ಸತ್ಯಾಂಶವಿದೆ. ಆದರೆ ಕಲಿಯದವನು ಉಳಿದುಕೊಂಡರೆ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕಲಿತ ಮೇಲೂ ಸಂಬಳ, ಹುದ್ದೆ ಏರದಿದ್ದರೆ ಹೊರಟವನನ್ನು ದೂಷಿಸುವುದೂ ನ್ಯಾಯವಲ್ಲ. ತರಬೇತಿಯನ್ನು ವಿಶ್ರಾಂತಿಯ ಹೊತ್ತಿನಲ್ಲಿ, ಸಂಬಳವಿಲ್ಲದೆ ನಡೆಸುವುದು ಇನ್ನೊಂದು ದೋಷ. ಹನ್ನೆರಡು ಗಂಟೆ ನಿಂತು ದುಡಿದವನ ಕಿವಿಗೆ ಯಾವ ಪಾಠವೂ ಇಳಿಯದು.

ಭಾಷೆಯ ತೊಡಕೂ ಇದೆ. ಕರ್ನಾಟಕದ ಹೋಟೆಲುಗಳಲ್ಲಿ ಈಗ ಒಡಿಶಾ, ಅಸ್ಸಾಂ, ಬಿಹಾರ, ನೇಪಾಳಗಳಿಂದ ಬಂದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಇವರಿಗೆ ಇಂಗ್ಲಿಷ್ ಕೈಪಿಡಿಯೂ ಕನ್ನಡದ ಸೂಚನಾ ಫಲಕವೂ ಸಮಾನವಾಗಿ ಅಪರಿಚಿತ. ಚಿತ್ರಗಳ ಮೂಲಕ, ಮಾಡಿ ತೋರಿಸುವುದರ ಮೂಲಕ ಕಲಿಸುವ ಕ್ರಮ ಇಂಥಲ್ಲಿ ಹೆಚ್ಚು ಉಪಯುಕ್ತ. ಜೊತೆಗೆ ಗಿರಾಕಿಯೊಡನೆ ಆಡಬೇಕಾದ ಐವತ್ತು ಅರುವತ್ತು ಕನ್ನಡ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೆ ಬಡಿಸುವವನಿಗೂ ಉಣ್ಣುವವನಿಗೂ ಅನುಕೂಲ.