ಕೌದಿ ಒಗೆಯುವ ಲೆಕ್ಕ

ಮಹಾನವಮಿ ಹತ್ತಿರ ಬಂತೆಂದರೆ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಮೊದಲು ಹೊರಬೀಳುವುದು ಹಾಸಿಗೆ. ವರ್ಷವಿಡೀ ಹೊದ್ದ, ಹಾಸಿದ, ಮಕ್ಕಳು ಒದ್ದೆ ಮಾಡಿದ ಕೌದಿಗಳೆಲ್ಲ ಗಂಟಾಗಿ ಹಳ್ಳಕ್ಕೋ ಕಾಲುವೆಗೋ ಸಾಗುತ್ತವೆ. ಘಟಸ್ಥಾಪನೆಯ ಹೊತ್ತಿಗೆ ಮನೆಯಲ್ಲಿ ಮೈಲಿಗೆ ಅರಿವೆ ಉಳಿಯಬಾರದು ಎಂಬುದು ಹಿರಿಯರ ಕಟ್ಟಳೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಕಡೆ ಈ ರೂಢಿ ಇದೆ.

ಆದರೆ ಗಂಟು ಹೊತ್ತು ಹಳ್ಳಕ್ಕೆ ಹೋಗುವವರು ಕಡಿಮೆಯಾಗುತ್ತಿದ್ದಾರೆ. ಮನೆಗೆ ನಲ್ಲಿ ಬಂದಿದೆ, ಮಾಳಿಗೆಯ ಮೇಲೆ ಕಪ್ಪು ಟ್ಯಾಂಕು ಕುಳಿತಿದೆ, ಕೆಲವರ ಮನೆಯಲ್ಲಿ ವಾಷಿಂಗ್ ಮಷಿನ್ನೂ ಇದೆ. ಪೇಟೆಯಲ್ಲಿ ಪಾಲಿಯೆಸ್ಟರ್ ತುಂಬಿದ ರೆಡಿಮೇಡ್ ಹೊದಿಕೆಗಳು ಸಿಗುತ್ತವೆ. ದಿಂಬಿಗೆ ಇರುವಂತೆ ಕೌದಿಗೆ ಗಲೀಪು ಇರುವುದಿಲ್ಲ. ಹೊಲಸಾದರೆ ಇಡೀ ಕೌದಿಯನ್ನೇ ಒಗೆಯಬೇಕು. ಇದನ್ನು ಮನೆಯಲ್ಲೇ ಒಗೆದು ಒಣಗಿಸುವುದು ಆಗುವ ಮಾತೇ ಎಂಬುದು ಪ್ರಶ್ನೆ. ನೋಡಲು ಇದು ಸಣ್ಣ ಸಂಗತಿ. ಆದರೆ ನೀರು, ಆರೋಗ್ಯ, ಹೆಂಗಸರ ಸೊಂಟ ಈ ಮೂರೂ ಇದರೊಳಗೆ ಸೇರಿಕೊಂಡಿವೆ.

ಅರಿವೆಯ ಮೇಲೆ ಅರಿವೆ

ಕೌದಿ ಎಂದರೆ ಹಳೆಯ ಬಟ್ಟೆಯ ಪದರುಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದ ಸಾಲು ಸಾಲಾಗಿ ಹೊಲಿಗೆ ಹಾಕಿದ ಹೊದಿಕೆ. ಸವೆದ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಎಲ್ಲಕ್ಕೂ ಅದರಲ್ಲಿ ಜಾಗ ಉಂಟು. ಅಂಚಿನಿಂದ ಆರಂಭಿಸಿ ಚೌಕದೊಳಗೆ ಚೌಕದಂತೆ ನಡುವಿನವರೆಗೆ ಹೊಲಿಯುವುದು ಒಂದು ಪದ್ಧತಿ. ಮಳೆಯಿಲ್ಲದ ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಓಣಿಯ ಹೆಂಗಸರು ಕೂಡಿ ಹೊಲಿಯುತ್ತಿದ್ದರು. ಕೂಲಿಗೆ ಹೊಲಿದು ಕೊಡುವವರೂ ಇದ್ದಾರೆ.

ಇದು ಈ ನಾಡಿಗೆ ಮಾತ್ರ ಸೀಮಿತವಾದ ಕಲೆಯಲ್ಲ. ಮರಾಠಿಗರು ಇದನ್ನೇ ಗೋಧಡಿ ಎಂದರೆ, ತೆಲುಗರು ಬೊಂತ ಎನ್ನುತ್ತಾರೆ. ಉತ್ತರ ಕನ್ನಡದ ಸಿದ್ದಿಯರು ಕವಂದಿ ಹೊಲಿದು ಅದರ ಮೂಲೆಗಳಿಗೆ ಬಟ್ಟೆ ಮಡಚಿ ಹೂವಿನಂತೆ ಕೂಡಿಸುತ್ತಾರೆ. ಬಂಗಾಳದ ಕಾಂಥಾ ಕೂಡ ಹಳೆಯ ಸೀರೆಗಳ ಪದರಿನಿಂದಲೇ ಹುಟ್ಟಿದ್ದು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಕ್ಯಾಂಪುಗಳು ಸಿಂಧನೂರು ತಾಲ್ಲೂಕಿನಲ್ಲಿಯೇ ಇವೆ. ಹೀಗಾಗಿ ಕೌದಿಯ ನಾಡೂ ಕಾಂಥಾದ ಜನರೂ ಇಲ್ಲಿ ನೆರೆಹೊರೆಯಾಗಿದ್ದಾರೆ. ಚಿಂದಿ ಕೂಡಿಸಿ ಹೊಲಿದ ಹೊದಿಕೆಗೆ ಕನ್ನಡದ ಹಳೆಯ ಮಾತು ಕಂಥೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕೌದಿಯ ಈ ರಚನೆಯಲ್ಲೇ ಅದನ್ನು ಒಗೆಯುವ ಗುಟ್ಟೂ ಇದೆ. ಅದರೊಳಗೆ ಸಡಿಲವಾದ ಹತ್ತಿ ಇಲ್ಲ. ಇರುವುದೆಲ್ಲ ನೇಯ್ದ ಬಟ್ಟೆ. ಬೆರಳಗಲಕ್ಕೊಂದು ಹೊಲಿಗೆಯ ಸಾಲು ಪದರುಗಳನ್ನು ಹಿಡಿದಿರುತ್ತದೆ. ಆದ್ದರಿಂದ ತುಳಿದರೂ ಹಿಂಡಿದರೂ ಅದು ಗಂಟು ಕಟ್ಟುವುದಿಲ್ಲ.

ಹತ್ತಿ ತುಂಬಿದ ಗಾದಿ ಮತ್ತು ರಜಾಯಿಯ ಮಾತು ಬೇರೆ. ಅದರಲ್ಲಿ ಹಿಂಜಿದ ಹತ್ತಿಯ ಎಳೆಗಳು ನಡುವೆ ಗಾಳಿ ಹಿಡಿದುಕೊಂಡು ಸಡಿಲವಾಗಿ ಕುಳಿತಿರುತ್ತವೆ. ಬೆಚ್ಚಗಿಡುವುದು ಆ ಗಾಳಿಯೇ. ಗಿಡದಿಂದ ಬಂದ ಹತ್ತಿಯ ಮೈಮೇಲೆ ಸಹಜವಾದ ಮೇಣದ ಲೇಪ ಇರುವುದರಿಂದ ಅದು ನೀರನ್ನು ಕೂಡಲೇ ಕುಡಿಯುವುದಿಲ್ಲ. ಆಸ್ಪತ್ರೆಯ ಹತ್ತಿ ಥಟ್ಟನೆ ನೀರು ಹೀರುವುದು ಆ ಮೇಣವನ್ನು ತೆಗೆದಿರುವುದರಿಂದ. ಸೋಪು ಹಾಕಿ ತಿಕ್ಕಿದರೆ ರಜಾಯಿಯ ಹತ್ತಿಯೂ ನೀರು ಹೀರಿ, ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ. ಮೇಲಿನ ಬಟ್ಟೆ ಒಣಗಿದರೂ ಒಳಗಿನ ಮುದ್ದೆ ಎರಡು ಮೂರು ದಿನ ಹಸಿಯಾಗಿಯೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಅದಕ್ಕೇ ಗಾದಿಯನ್ನು ಯಾರೂ ಹಳ್ಳಕ್ಕೆ ಒಯ್ಯುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ಮೇಲಿನ ಅರಿವೆಯನ್ನು ಒಗೆಯಲು ಹಾಕಿ, ಹತ್ತಿಯನ್ನು ಪಿಂಜಾರರಿಗೆ ಕೊಡುತ್ತಿದ್ದರು. ಅವರು ಬಿಲ್ಲಿನ ನಾರಿಯನ್ನು ಮಿಡಿದು ಹತ್ತಿಯನ್ನು ಮತ್ತೆ ಅರಳಿಸುತ್ತಿದ್ದರು. ಇಂದು ಆ ಕೆಲಸವನ್ನು ಬಹುಪಾಲು ಯಂತ್ರ ಮಾಡುತ್ತದೆ.

ನೀರಿನ ಮಾತು

ಕೌದಿಯನ್ನು ಒಗೆಯಬಹುದು ಎಂದಾಯಿತು. ಎಲ್ಲಿ ಎಂಬುದು ಮುಂದಿನ ಮಾತು. ಮಹಾನವಮಿಯ ಹೊತ್ತನ್ನೇ ಹಿರಿಯರು ಆರಿಸಿದ್ದಕ್ಕೆ ಧರ್ಮದ ಜೊತೆಗೆ ಹವಾಮಾನವೂ ಒದಗಿದೆ. ಈ ಸೀಮೆಯಲ್ಲಿ ಬೀಳುವ ಮಳೆಯೇ ಕಡಿಮೆ. ಅದರಲ್ಲಿ ಸೆಪ್ಟೆಂಬರ್ ಹೆಚ್ಚು ಮಳೆ ತರುವ ತಿಂಗಳುಗಳಲ್ಲಿ ಒಂದು. ಅದು ಮುಗಿಯುತ್ತಿದ್ದಂತೆ ಹಳ್ಳದ ಕೆಂಪು ನೀರು ತಿಳಿಯಾಗುತ್ತದೆ, ಬಿಸಿಲೂ ಬಲಿಯುತ್ತದೆ. ಹರಿಯುವ ನೀರು, ಬಡಿಯಲು ಬಂಡೆ, ಹರವಲು ಜಾಲಿಗಿಡ, ಕೈಗೂಡಿಸಲು ನಾಲ್ಕು ಜನ ಎಲ್ಲವೂ ಒಂದೇ ಕಡೆ ಸಿಗುತ್ತಿದ್ದವು.

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಬಂದ ಮೇಲೆ ಸಿಂಧನೂರಿನ ಚಿತ್ರ ಬದಲಾಯಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಜೋಳದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಕೌದಿ ಒಗೆಯುವವರಿಗೂ ಅದೇ ಹಳ್ಳವಾಯಿತು. ಆದರೆ ಕಾಲುವೆ ಹಳ್ಳದಂತಲ್ಲ. ಸಿಮೆಂಟ್ ಹೊದಿಸಿದ ಇಳಿಜಾರು, ಅದರ ಮೇಲೆ ಪಾಚಿ, ಕೆಳಗೆ ರಭಸದ ನೀರು. ನೀರು ಕುಡಿದ ಕೌದಿಯನ್ನು ಎಳೆಯುವಾಗ ಕಾಲು ಜಾರಿದರೆ ಹಿಡಿದುಕೊಳ್ಳಲು ಆಸರೆ ಇರುವುದಿಲ್ಲ. ಇದೇ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆಯಲ್ಲಿ ಕುಡಿಯುವ ಊರುಗಳೂ ಇವೆ. ಅದರಲ್ಲಿ ಸೋಪಿನ ಪುಡಿ ಕದಡುವುದು ಕೆಳಗಿನ ಊರಿನವರ ಕೊಡಕ್ಕೆ ಕದಡಿದಂತೆಯೇ.

ಲಿಂಗಸುಗೂರು ಮತ್ತು ಮಸ್ಕಿ ಭಾಗದ ಅನೇಕ ಹಳ್ಳಿಗಳಿಗೆ ಆ ಕಾಲುವೆಯ ಆಸರೆಯೂ ಇಲ್ಲ. ಮಸ್ಕಿ ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ನಡೆಸಿದ ಹೋರಾಟ 2021ರ ಉಪಚುನಾವಣೆಯಲ್ಲಿ ದೊಡ್ಡ ವಿಷಯವಾಗಿದ್ದು ಓದುಗರಿಗೆ ನೆನಪಿರಬಹುದು. ಇಂಥ ಊರುಗಳಲ್ಲಿ ಮನೆಯಲ್ಲಿ ಒಗೆಯುವುದೆಂದರೆ ಬೋರಿನ ನೀರು. ಅದು ಗಡಸಾಗಿದ್ದರೆ ಸೋಪು ನೊರೆ ಬರುವುದಿಲ್ಲ. ಬಟ್ಟೆಯ ಮೇಲೆ ಬಿಳಿ ಪುಡಿ ಕೂತು ಕೌದಿ ಒರಟಾಗುತ್ತದೆ. ನೆನೆಹಾಕುವ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿದರೆ ಗಡಸು ಕಡಿಮೆಯಾಗುತ್ತದೆ. ಹಿಂದಿನವರು ಸವುಳು ಮಣ್ಣಿನಿಂದ ಅರಿವೆ ಒಗೆಯುತ್ತಿದ್ದುದೂ ಅದರಲ್ಲಿರುವ ಸೋಡಾದ ಗುಣಕ್ಕಾಗಿಯೇ.

ತೂಕ ಎಷ್ಟು, ಕೊಡ ಎಷ್ಟು?

ಇನ್ನು ಲೆಕ್ಕ. ಹಳೆಯ ನೂಲಿನ ಸೀರೆಯೊಂದು ಸುಮಾರು ಅರ್ಧ ಕಿಲೋ ತೂಗುತ್ತದೆ ಎಂದುಕೊಂಡರೆ ಆರು ಸೀರೆಯ ಕೌದಿ 3 ಕಿಲೋ. ತೋಯ್ದ ಹತ್ತಿ ಬಟ್ಟೆ ತನ್ನ ತೂಕದ ಎರಡು ಮೂರು ಪಟ್ಟು ನೀರು ಹೊರುತ್ತದೆ. ಅಂದರೆ ಹಿಂಡದ ಕೌದಿಯ ಭಾರ 9ರಿಂದ 12 ಕಿಲೋ. ಇಷ್ಟನ್ನು ಬಚ್ಚಲಿನಿಂದ ಎತ್ತಿ, ಮೆಟ್ಟಿಲು ಹತ್ತಿ, ಮಾಳಿಗೆಗೆ ಒಯ್ಯಬೇಕು. ಅರವತ್ತು ದಾಟಿದ, ಮಕ್ಕಳು ದುಡಿಯಲು ಬೆಂಗಳೂರಿಗೆ ಹೋಗಿರುವ ತಾಯಿಗೆ ಇದು ಒಬ್ಬಳಿಂದ ಆಗುವ ಕೆಲಸವಲ್ಲ.

ನೀರಿನ ಲೆಕ್ಕವೂ ಹೀಗೆಯೇ. ನೆನೆಹಾಕಲು ಒಮ್ಮೆ, ಜಾಲಿಸಲು ಮೂರು ಸಲ. ಪ್ರತಿ ಸಲ ಮೂರು ನಾಲ್ಕು ಕೊಡ. ಕೊಡಕ್ಕೆ 15 ಲೀಟರ್ ಎಂದರೆ ಒಂದು ಕೌದಿಗೆ 180ರಿಂದ 240 ಲೀಟರ್. ಐದು ಕೌದಿಯ ಮನೆಗೆ ಸಾವಿರ ಲೀಟರಿನ ಟ್ಯಾಂಕೊಂದು ಖಾಲಿ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಎಲ್ಲ ಕೌದಿಗಳನ್ನೂ ಒಂದೇ ದಿನ ಒಗೆಯುವುದು ಸಾಧ್ಯವಿಲ್ಲ. ವಾರಕ್ಕೊಂದರಂತೆ ಒಗೆದರೆ ಮಾತ್ರ ಆದೀತು.

ಮಷಿನ್ ಇದ್ದರೆ ಆಯಿತಲ್ಲ ಎನ್ನಬಹುದು. 7 ಕಿಲೋ ಎಂದು ಮಷಿನ್ ಮೇಲೆ ಬರೆದಿರುವುದು ಒಣ ಬಟ್ಟೆಯ ತೂಕ. 3 ಕಿಲೋದ ಕೌದಿ ತೂಕದಲ್ಲಿ ಹಿಡಿಸುತ್ತದೆ, ಆದರೆ ಅದು ತಿರುಗಲು ಜಾಗ ಬೇಕಲ್ಲವೇ? ನೀರು ಕುಡಿದು ಒಂದೇ ಮುದ್ದೆಯಾಗಿ ಒಂದು ಬದಿಗೆ ಕುಳಿತರೆ ಹಿಂಡುವಾಗ ಯಂತ್ರವೇ ಕುಣಿಯತೊಡಗುತ್ತದೆ. ಎರಡು ತೊಟ್ಟಿಯ ಮಷಿನ್‌ನಲ್ಲಿ ಒಗೆಯುವ ತೊಟ್ಟಿ ದೊಡ್ಡದು, ಹಿಂಡುವ ತೊಟ್ಟಿ ಚಿಕ್ಕದು. ದೊಡ್ಡ ಕೌದಿ ಅದರಲ್ಲಿ ಕೂಡುವುದಿಲ್ಲ. ಮಗುವಿನ ಕೌದಿ, ಒಬ್ಬರು ಹೊದೆಯುವ ತೆಳು ಕೌದಿ ಮಷಿನ್‌ಗೆ ಸರಿ. ಡಬಲ್ ಕೌದಿಗೆ ಟಬ್ಬಿನಲ್ಲಿ ನೆನೆಹಾಕಿ ಕಾಲಿನಿಂದ ತುಳಿಯುವುದೇ ಈಗಲೂ ಸುಲಭದ ದಾರಿ. ತುಳಿದರೆ ದೇಹದ ಭಾರವೇ ಕೆಲಸ ಮಾಡುತ್ತದೆ, ರಟ್ಟೆಗೆ ಆಯಾಸವಿಲ್ಲ.

ಪಾಲಿಯೆಸ್ಟರ್ ತುಂಬಿದ ರೆಡಿಮೇಡ್ ಹೊದಿಕೆಯ ಎಳೆಗಳು ನೀರು ಹೀರುವುದೇ ಇಲ್ಲ ಎನ್ನಬೇಕು. ಎಳೆಗಳ ನಡುವೆ ನಿಂತ ನೀರು ನೇತುಹಾಕಿದರೆ ಸೋರಿಹೋಗುತ್ತದೆ. ಆದ್ದರಿಂದ ಅದು ಬೇಗ ಒಣಗುತ್ತದೆ. ತೂಕಕ್ಕಿಂತ ಅದರ ಉಬ್ಬೇ ತೊಡಕು. ಚೌಕಳಿ ಹೊಲಿಗೆ ಗಟ್ಟಿಯಾಗಿದ್ದರೆ ಟಬ್ಬಿನಲ್ಲಿ ಒಗೆಯಲು ಅಡ್ಡಿಯಿಲ್ಲ. ಹೊಲಿಗೆ ಬಿಟ್ಟಿದ್ದರೆ ಒಳಗಿನ ತುಂಬು ಒಂದು ಮೂಲೆಗೆ ಸರಿದು ಮತ್ತೆ ಹರವಿಕೊಳ್ಳದು.

ಬಿಸಿಲೆಂಬ ಬಂಡವಾಳ

ಒಗೆಯುವುದು ಅರ್ಧ ಕೆಲಸ, ಒಣಗಿಸುವುದು ಇನ್ನರ್ಧ. ಇಲ್ಲಿ ರಾಯಚೂರು ಸೀಮೆ ಪುಣ್ಯವಂತ ಸೀಮೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ನೆಲದಲ್ಲಿ ಬೆಳಿಗ್ಗೆ ಹಾಕಿದ ಕೌದಿ ಸಂಜೆಗೆ ಒಣಗಿ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ಅದೇ ಕೌದಿ ಎರಡು ದಿನ ಕೇಳುತ್ತದೆ. ಮನೆಯೊಳಗೆ ಹಗ್ಗಕ್ಕೆ ಹಾಕಿದರೆ ಮುಗ್ಗುವುದು ಖಚಿತ. ಆದ್ದರಿಂದ ಜುಲೈಯಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಕೌದಿಗೆ ಕೈ ಹಾಕದಿರುವುದೇ ಜಾಣತನ.

ಒಂದೇ ಹಗ್ಗಕ್ಕೆ ಹಾಕಿದರೆ ಎರಡು ಪಾಲು ಒಂದಕ್ಕೊಂದು ಅಂಟಿ ನಡುವೆ ಗಾಳಿಯಾಡುವುದಿಲ್ಲ, ಹಗ್ಗವೂ ಜಗ್ಗುತ್ತದೆ. ಒಂದು ಮೊಳ ಅಂತರದಲ್ಲಿ ಎರಡು ಹಗ್ಗ ಕಟ್ಟಿ ಅವುಗಳ ಮೇಲೆ ಹರವಿದರೆ ಬೇಗ ಒಣಗುತ್ತದೆ. ಒದ್ದೆ ಕೌದಿಯನ್ನು ಇಬ್ಬರು ನಿಂತು ತಿರುಚಿ ಹಿಂಡುವ ಬದಲು ಮಾಳಿಗೆಯ ಗೋಡೆಯ ಮೇಲೆ ಒಂದು ತಾಸು ಹಾಕಿ ನೀರು ಸೋರಲು ಬಿಟ್ಟರೆ ಹಳೆಯ ದಾರ ಹರಿಯುವುದೂ ತಪ್ಪುತ್ತದೆ. ಕೌದಿಗೆ ಹೊಸ ಕೆಂಪು ಅಂಚು ಕೂಡಿಸಿದ್ದರೆ ಮೊದಲ ಸಲ ಬೇರೆಯಾಗಿ ಒಗೆಯಬೇಕು. ಹಳೆಯ ಸೀರೆ ತನ್ನ ಬಣ್ಣವನ್ನು ಎಂದೋ ಬಿಟ್ಟಿರುತ್ತದೆ, ಹೊಸ ಬಟ್ಟೆ ಬಿಟ್ಟಿರುವುದಿಲ್ಲ.

ಒಗೆಯದೆ ಬಿಟ್ಟರೆ ಏನು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಉತ್ತರ ಕೊಡುತ್ತದೆ. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳು ಬೆಳೆಯುತ್ತವೆ. ದಮ್ಮು ಇರುವವರಿಗೆ ಅವು ವೈರಿ. 55ರಿಂದ 60 ಡಿಗ್ರಿ ಬಿಸಿಯ ನೀರಿನಲ್ಲಿ ಅವು ಸಾಯುತ್ತವೆ. ಅರಿವೆಯನ್ನು ಉಬ್ಬೆಗೆ ಹಾಕುವ ಮಡಿವಾಳರ ಹಳೆಯ ಪದ್ಧತಿ ಈ ಕೆಲಸವನ್ನೂ ಮಾಡುತ್ತಿತ್ತು. ಮನೆಯಲ್ಲಿ ಒಬ್ಬರಿಗೆ ಹುರುಕು, ಕಜ್ಜಿ ಆದರೆ ಒಂದೇ ಕೌದಿಯಲ್ಲಿ ಮಲಗುವ ಎಲ್ಲರಿಗೂ ಹರಡುತ್ತದೆ. ಆಗ ಎಲ್ಲರೂ ಒಟ್ಟಿಗೆ ಔಷಧ ಹಚ್ಚಿಕೊಳ್ಳಬೇಕು, ಹೊದಿಕೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದಷ್ಟು ಭಾರದ ಕೌದಿಯಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ದೂರ ಇಡಬಹುದು. ಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಹಾಗಾದರೆ ತೀರ್ಮಾನ?

ಗಲೀಪಿಲ್ಲದ ಕೌದಿಯನ್ನು ಮನೆಯಲ್ಲೇ ಒಗೆದು ಒಣಗಿಸಬಹುದು. ಆದರೆ ಕೌದಿ ಬರೀ ಬಟ್ಟೆಯದಾಗಿರಬೇಕು, ತೂಕ ಒಬ್ಬರು ಎತ್ತುವಷ್ಟಿರಬೇಕು, ಬಿಸಿಲಿನ ದಿನವಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಹತ್ತಿ ತುಂಬಿದ್ದನ್ನು ನೀರಿಗೆ ಹಾಕದೆ ಬಿಸಿಲಿಗೆ ಹಾಕಿ ಬಡಿಯುವುದೇ ಲೇಸು.

ಉಳಿದವರಿಗೆ ಹಳೆಯ ಉಪಾಯವೊಂದು ಇದ್ದೇ ಇದೆ. ಕೌದಿಯ ಮೇಲೆ ಹಳೆಯ ಸೀರೆ ಅಥವಾ ಧೋತರವೊಂದನ್ನು ನಾಲ್ಕೂ ಅಂಚಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೂಡಿಸಿದರೆ ಅದೇ ಗಲೀಪು. ತಿಂಗಳಿಗೊಮ್ಮೆ ಹೊಲಿಗೆ ಬಿಚ್ಚಿ ಅದನ್ನಷ್ಟೇ ಒಗೆದರೆ ಒಂದೆರಡು ಬಕೆಟ್ ನೀರು ಸಾಕು. ಒಳಗಿನ ಕೌದಿಗೆ ವರ್ಷಕ್ಕೆ ಒಂದೆರಡು ಒಗೆತ ಸಾಕಾಗುತ್ತದೆ. ಹೊಸದಾಗಿ ಹೊಲಿಸುವವರು ಒಂದು ದೊಡ್ಡ ಕೌದಿಯ ಬದಲು ಮೂರು ಸೀರೆಯ ಎರಡು ಕೌದಿ ಹೊಲಿಸಿದರೆ ಚಳಿಗೆ ಎರಡನ್ನೂ ಹೊದೆಯಬಹುದು, ಒಗೆಯುವಾಗ ಒಂದೊಂದನ್ನೇ ಎತ್ತಬಹುದು.

ಒಗೆಯಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಅಜ್ಜಿ ಹೊಲಿದ ಕೌದಿಗಳು ಅಟ್ಟ ಸೇರಿವೆ, ಇಲ್ಲವೇ ಟ್ರ್ಯಾಕ್ಟರಿನ ಸೀಟಿಗೆ ಹಾಸಾಗಿವೆ. ಒಂದು ಕೌದಿಗೆ ಹಾಕಿದ ಸಾವಿರಾರು ಹೊಲಿಗೆಯ ಶ್ರಮ ಅಷ್ಟಕ್ಕೇ ಮುಗಿಯಬೇಕಿಲ್ಲ. ಒಂದು ಟಬ್ಬು, ಎರಡು ಹಗ್ಗ, ಒಂದು ದಿನದ ಬಿಸಿಲು, ಜೊತೆಗೆ ಇನ್ನೊಂದು ತುದಿ ಹಿಡಿಯಲು ಮನೆಯ ಗಂಡಸರ ಎರಡು ಕೈ ಒದಗಿದರೆ ಅವು ಇನ್ನೂ ಹತ್ತಾರು ಚಳಿಗಾಲ ಹೊದೆಯಲು ಬಂದಾವು.