ಮಳೆ ಬಿದ್ದರೆ ಅಂಗಳದ ಕಲ್ಲುಗಳ ಬಣ್ಣ ಬೇರೆಬೇರೆ ಆಗುವುದೇಕೆ?

ಬೀಜಾಡಿ, ಕೋಟೇಶ್ವರದ ಆಸುಪಾಸಿನಲ್ಲಿ ಅಂಗಳಕ್ಕೆ ಕಲ್ಲು ಹಾಸುವ ಕೆಲಸ ನಡೆಯುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಚಪ್ಪಡಿಗಳೆಲ್ಲ ಒಂದೇ ಬೂದು ಬಣ್ಣ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಅಂಗಳದಲ್ಲಿ ಒಂದು ಕಲ್ಲು ಕಪ್ಪು, ಪಕ್ಕದ್ದು ಕಂದು, ಅದರಾಚೆಯದಕ್ಕೆ ಹಸಿರು ಛಾಯೆ. ಅಂಗಡಿಯವರು ಬಣ್ಣ ಹಾಕಿದ ಕಲ್ಲು ಕೊಟ್ಟಿದ್ದಾರೆ, ಮಳೆಗೆ ಬಣ್ಣ ಬಿಟ್ಟಿದೆ ಎಂಬ ಮಾತು ತಕ್ಷಣ ಹುಟ್ಟುತ್ತದೆ. ಕೆಲವರು ಆ್ಯಸಿಡ್ ಹಾಕಿ ತೊಳೆಸುತ್ತಾರೆ, ಕೆಲವರು ಕಲ್ಲನ್ನೇ ಕೀಳಿಸಲು ಹೊರಡುತ್ತಾರೆ. ಅದಕ್ಕೆ ಮೊದಲು ನೀರು ಕಲ್ಲಿಗೆ ನಿಜವಾಗಿ ಏನು ಮಾಡುತ್ತದೆ ಎಂದು ನೋಡೋಣ.

ಗೋಳಿಬಜೆ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಎಣ್ಣೆ ತಾಗಿದ ಕಡೆ ಕಾಗದ ಮಬ್ಬಾಗಿ, ಹಿಂಬದಿಯ ಅಕ್ಷರ ಕಾಣತೊಡಗುತ್ತದೆ. ಒಣ ಕಾಗದ ಬೆಳ್ಳಗೆ ಕಾಣುವುದು ಅದರ ನಾರುಗಳ ನಡುವೆ ಗಾಳಿ ಇರುವುದರಿಂದ. ನಾರಿಗೂ ಗಾಳಿಗೂ ವಕ್ರೀಭವನ ಸೂಚ್ಯಂಕದಲ್ಲಿ ದೊಡ್ಡ ಅಂತರವಿದೆ. ಆದ್ದರಿಂದ ಬೆಳಕು ಅಲ್ಲಲ್ಲೇ ಚದುರಿ ಹಿಂದಕ್ಕೆ ಬರುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿದಾಗ ಅಂತರ ಕಡಿಮೆಯಾಗಿ, ಬೆಳಕು ಚದುರದೆ ಒಳಗೆ ಸಾಗುತ್ತದೆ.

ಕಲ್ಲಿನಲ್ಲೂ ಇದೇ ಕತೆ. ಗಾಳಿಯ ಸೂಚ್ಯಂಕ ಸುಮಾರು 1, ನೀರಿನದು 1.33, ಕಲ್ಲಿನಲ್ಲಿರುವ ಸಾಮಾನ್ಯ ಖನಿಜಗಳದ್ದು 1.5ರ ಆಸುಪಾಸು. ಒಣಗಿದ ಒರಟು ಕಲ್ಲಿನ ಮೇಲ್ಮೈ ಬಿಳಿ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಈ ಬಿಳಿ ಮಸುಕು ಕಲ್ಲಿನ ಸ್ವಂತ ಬಣ್ಣದ ಮೇಲೆ ತೆಳುವಾಗಿ ಸುಣ್ಣ ಬಳಿದ ಹಾಗೆ. ನೀರು ಬಿದ್ದಾಗ ಚದುರುವುದು ಕಡಿಮೆಯಾಗುತ್ತದೆ, ಬೆಳಕು ಆಳಕ್ಕೆ ಹೋಗಿ ಹೆಚ್ಚು ಹೀರಲ್ಪಡುತ್ತದೆ. ಇನ್ನೊಂದು ಕಾರಣವನ್ನು 1925ರಲ್ಲಿ ಸ್ವೀಡನ್ನಿನ ಆ್ಯಂಡರ್ಸ್ ಆಂಗ್‌ಸ್ಟ್ರಾಮ್ ವಿವರಿಸಿದರು (ಬೆಳಕಿನ ಅಲೆಯುದ್ದ ಅಳೆಯುವ ‘ಆಂಗ್‌ಸ್ಟ್ರಾಮ್’ ಎಂಬ ಮಾನ ಇವರ ಅಜ್ಜನ ಹೆಸರಿನದು). ಕಲ್ಲಿನಿಂದ ಹೊರಟ ಬೆಳಕಿನಲ್ಲಿ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾದದ್ದು ನೀರಿನ ಪದರದಿಂದ ಹೊರಬರಲಾರದೆ ಮತ್ತೆ ಕಲ್ಲಿಗೇ ಹಿಂತಿರುಗುತ್ತದೆ. ಹೀಗೆ ತಿರುಗಿ ಬಿದ್ದಷ್ಟೂ ಕಲ್ಲು ಹೀರಿಕೊಳ್ಳುವ ಅವಕಾಶ ಹೆಚ್ಚು, ನಮ್ಮ ಕಣ್ಣಿಗೆ ಬರುವ ಬೆಳಕು ಕಡಿಮೆ.

ಅಂದರೆ ಬಣ್ಣದ ವ್ಯತ್ಯಾಸ ಏಪ್ರಿಲ್‌ನಲ್ಲೂ ಅಲ್ಲೇ ಇತ್ತು, ಒಣ ಮೇಲ್ಮೈಯ ಮಸುಕು ಅದನ್ನು ಮುಚ್ಚಿತ್ತು. ನಮ್ಮಲ್ಲಿ ಹಾಸಲು ಬಳಸುವ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು (ನಮ್ಮ ಪಕ್ಕದ ಕೋಟಕ್ಕೂ ಇದಕ್ಕೂ ಸಂಬಂಧವಿಲ್ಲ) ಮೂರೂ ಸುಣ್ಣಕಲ್ಲುಗಳು. ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತವು. ಒಂದು ಪದರದಲ್ಲಿ ಜೇಡಿ ಹೆಚ್ಚು, ಇನ್ನೊಂದರಲ್ಲಿ ಕಬ್ಬಿಣದ ಅಂಶ ಹೆಚ್ಚು. ಒಂದೇ ಕ್ವಾರಿಯ ಎರಡು ಪದರಗಳು ಒದ್ದೆಯಾದಾಗ ಎರಡು ಬಣ್ಣ ತೋರಿದರೆ ಆಶ್ಚರ್ಯವಿಲ್ಲ. ರಂಧ್ರಗಳೂ ಸಮನಾಗಿರುವುದಿಲ್ಲ, ಹೆಚ್ಚು ನೀರು ಕುಡಿಯುವ ಚಪ್ಪಡಿ ಹೆಚ್ಚು ಕಪ್ಪಾಗಿ, ತಡವಾಗಿ ಒಣಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಮಾತ್ರ ಮಳೆಗೂ ಅಷ್ಟಾಗಿ ಬದಲಾಗದು. ನುಣುಪಾದ ಮೈಯಲ್ಲಿ ಬೆಳಕು ಮೊದಲೇ ಚದುರುತ್ತಿರಲಿಲ್ಲ.

ಹಾಗಂತ ಮೋಸವೇ ಇಲ್ಲ ಎಂದಲ್ಲ. ಕಪ್ಪು ಕಾಣಲೆಂದು ಎಣ್ಣೆ ಸವರಿದ ಕಲ್ಲು ಮಾರುಕಟ್ಟೆಯಲ್ಲಿದೆ. ಆದರೆ ಅದರ ಲಕ್ಷಣ ತಿರುಗುಮುರುಗು: ಕೊಳ್ಳುವಾಗ ಕಪ್ಪು, ಬಿಸಿಲು ಮಳೆ ಕಂಡ ಹಾಗೆ ಬೂದು.

ಚಿಂತಿಸಬೇಕಾದದ್ದು ಒಣಗಿದ ಮೇಲೂ ಉಳಿಯುವ ಕಲೆ. ಮೂರು ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೂ ಚಪ್ಪಡಿಯ ನಡುವೆ ದುಂಡಗಿನ ಕಪ್ಪು ಬೊಟ್ಟುಗಳು ಅಥವಾ ಅಂಚಿನ ಸುತ್ತ ಚೌಕಟ್ಟಿನಂಥ ಪಟ್ಟಿ ಕಂಡರೆ ನೀರು ಕೆಳಗಿನಿಂದ ಬರುತ್ತಿರಬಹುದು. ಗಾರೆಯನ್ನು ಪೂರ್ತಿ ಹರಡದೆ ಐದಾರು ಕಡೆ ಉಂಡೆಯಿಟ್ಟು ಕಲ್ಲು ಕೂರಿಸಿದಾಗ ಹೀಗಾಗುತ್ತದೆ. ಉಂಡೆಯಿದ್ದಲ್ಲಿ ಮಾತ್ರ ತೇವ ಮೇಲೇರುತ್ತದೆ. ಜೊತೆಗೆ ಬಿಳಿ ಪುಡಿ ಕಾಣಿಸಿಕೊಂಡರೆ ಅದು ನೀರು ಹೊತ್ತು ತಂದ ಲವಣ. ಅನುಮಾನವಿದ್ದರೆ ಒಣಗಿದಂತೆ ಕಾಣುವ ದಿನ ಕಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಹನಿ ಕಟ್ಟಿದ್ದರೆ ಮೇಸ್ತ್ರಿಯನ್ನು ಕರೆಸಿ ಮಾತಾಡಿ. ಹನಿಯಿಲ್ಲದಿದ್ದರೆ, ಬರೀ ಮಳೆಯ ದಿನದ ಬಣ್ಣಕ್ಕಾಗಿ ಕಲ್ಲು ಕೀಳಿಸುವುದು ದಂಡದ ಖರ್ಚು ಎಂಬುದು ನಮ್ಮ ಅಭಿಪ್ರಾಯ.

ಆ್ಯಸಿಡ್ ಮಾತ್ರ ಬೇಡವೇ ಬೇಡ. ಸುಣ್ಣಕಲ್ಲು ಆ್ಯಸಿಡ್‌ನಲ್ಲಿ ನೊರೆಯೆದ್ದು ಕರಗುತ್ತದೆ. ಮೈ ಒರಟಾಗಿ ಒಣಗಿದಾಗ ಇನ್ನಷ್ಟು ಬೆಳ್ಳಗೆ ಕಾಣುತ್ತದೆ; ಒಣ ಬಣ್ಣಕ್ಕೂ ಒದ್ದೆ ಬಣ್ಣಕ್ಕೂ ಅಂತರ ಹೆಚ್ಚುತ್ತದೆ. ಮೇಲಾಗಿ ಒರಟು ಮೈ ಹಾವಸೆಗೆ ಹಿತ, ಕರಾವಳಿಯ ಮಳೆಗಾಲದಲ್ಲಿ ಜಾರಿ ಬೀಳುವುದಕ್ಕೆ ಅಷ್ಟು ಸಾಕು. ಸೀಲರ್ ಹಚ್ಚುವುದಾದರೆ ಯಾವುದೆಂದು ಕೇಳಿ. ‘ವೆಟ್ ಲುಕ್’ ಎಂದು ಮಾರುವ ಸೀಲರ್ ಮಳೆಗಾಲದ ಬಣ್ಣವನ್ನೇ ವರ್ಷವಿಡೀ ಉಳಿಸುತ್ತದೆ, ಹೊಂದದ ಬಣ್ಣಗಳನ್ನೂ ಸೇರಿಸಿ. ಬಣ್ಣ ಬದಲಿಸದೆ ರಂಧ್ರದೊಳಗೆ ಇಳಿಯುವ ಬಗೆಯದು ನೀರು ಹೀರುವುದನ್ನು ತಗ್ಗಿಸುತ್ತದೆ. ಎರಡನ್ನೂ ಕಲ್ಲು ಪೂರ್ತಿ ಒಣಗಿದ ಮೇಲೆಯೇ ಹಚ್ಚಬೇಕು, ಇಲ್ಲದಿದ್ದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಇನ್ನೂ ಕಲ್ಲು ಕೊಳ್ಳದವರು ಅಂಗಡಿಗೆ ಹೋಗುವಾಗ ಒಂದು ಬಾಟಲಿ ನೀರು ಒಯ್ಯಿರಿ. ಬೇರೆಬೇರೆ ಅಟ್ಟಿಯಿಂದ ನಾಲ್ಕಾರು ಚಪ್ಪಡಿ ತೆಗೆಸಿ, ನೀರು ಸುರಿದು, ಪಕ್ಕಪಕ್ಕ ಇಟ್ಟು ನೋಡಿ. ಹಾಸುವಾಗಲೂ ಒಂದೇ ಅಟ್ಟಿಯಿಂದ ಸಾಲಾಗಿ ತೆಗೆಯದೆ ಎಲ್ಲವನ್ನೂ ಬೆರೆಸಿ ಹಾಸುವಂತೆ ಮೇಸ್ತ್ರಿಗೆ ಹೇಳಿ. ಆಗ ಅಂಗಳದ ಒಂದು ಮೂಲೆಯಷ್ಟೇ ಕಪ್ಪಾಗಿ ಎದ್ದು ಕಾಣುವುದಿಲ್ಲ.