ಮಗುವಿಗೆ ಮದ್ದು ಕುಡಿಸುವ ಬಗೆ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಿರುತ್ತಾರೆ. ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನನ್ನ ಕೈಯಲ್ಲಿ ಅಕ್ಷರ ಕಲಿತವರು ಇಂದು ತಾಯಿತಂದೆಯರಾಗಿದ್ದಾರೆ. ಅವರಿಗೆ ಪ್ರಯೋಜನಕ್ಕೆ ಬರುವ ಒಂದು ವಿಷಯವನ್ನು ಹೇಳುವುದು ಲೇಸೆಂದು ತೋರಿತು. ನಾನು ವೈದ್ಯನಲ್ಲ. ಯಾವ ಕಾಯಿಲೆಗೆ ಯಾವ ಮದ್ದೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ವೈದ್ಯರು ಬರೆದುಕೊಟ್ಟ ಮದ್ದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಮಗುವಿನ ಹೊಟ್ಟೆ ಸೇರುವುದು ಮನೆಯವರ ಜಾಣ್ಮೆಯಿಂದ. ಆ ಜಾಣ್ಮೆಯು ಪಾಠ ಹೇಳುವ ಜಾಣ್ಮೆಗಿಂತ ಬೇರೆಯಲ್ಲ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನನ್ನ ಮಗನಿಗೆ ಆಗ ನಾಲ್ಕು ವರ್ಷ. ಜ್ವರದ ಮದ್ದನ್ನು ಕುಡಿಯಲೊಲ್ಲದೆ ಹಠ ಹಿಡಿದಾಗ, "ಇದು ಮದ್ದಲ್ಲ ಮಗಾ, ಶರಬತ್ತು" ಎಂದು ನಂಬಿಸಿ ಕುಡಿಸಿದೆ. ಉಪಾಯ ಫಲಿಸಿತೆಂದು ಹಿಗ್ಗಿದೆ. ಮೂರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವನು ಸ್ಟೂಲು ಹತ್ತಿ, ಗೋಡೆಯ ಗೂಡಿನಲ್ಲಿದ್ದ ಕುಪ್ಪಿಯನ್ನು ತೆಗೆದು, ಅರ್ಧಕ್ಕಿಂತ ಹೆಚ್ಚು ಕುಡಿದುಬಿಟ್ಟಿದ್ದ. ಬಾಡಿಗೆ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಆ ರಾತ್ರಿಯಿಡೀ ಅವನ ತಾಯಿ ನನ್ನೊಡನೆ ಒಂದು ಮಾತೂ ಆಡಲಿಲ್ಲ. ದೇವರ ದಯೆಯಿಂದ ಮಗು ಉಳಿಯಿತು. ಅವನದೇನೂ ತಪ್ಪಿರಲಿಲ್ಲ, ಅಪ್ಪ ಶರಬತ್ತೆಂದ, ಅವನು ಶರಬತ್ತೆಂದೇ ಕುಡಿದ.

ಆದುದರಿಂದ ಮೊದಲನೆಯ ನಿಯಮ ಸತ್ಯ. ಮದ್ದನ್ನು ಮದ್ದೆಂದೇ ಹೇಳಬೇಕು. "ಸ್ವಲ್ಪ ಕಹಿ ಇದೆ, ಎರಡೇ ಗುಟುಕು, ಆಮೇಲೆ ನೀರು ಕುಡಿಯೋಣ" ಎಂದರೆ ಮಗುವಿಗೆ ಅರ್ಥವಾಗುತ್ತದೆ. "ಕುಡಿಯದಿದ್ದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ" ಎಂಬ ಬೆದರಿಕೆ ಬೇಡ. ನಾಳೆ ಅದೇ ಡಾಕ್ಟರಲ್ಲಿಗೆ ಮಗುವನ್ನು ಕರೆದೊಯ್ಯಬೇಕಲ್ಲವೆ? ಕುಡಿಯುವುದೋ ಬಿಡುವುದೋ ಎಂಬ ಆಯ್ಕೆಯನ್ನು ಮಗುವಿಗೆ ಕೊಡಬಾರದು. ಆದರೆ ಅಮ್ಮನ ಮಡಿಲಿನಲ್ಲೋ ಮಣೆಯ ಮೇಲೋ, ಅಜ್ಜಿಯ ಕೈಯಿಂದಲೋ ಅಪ್ಪನ ಕೈಯಿಂದಲೋ ಎಂಬುದನ್ನು ಅದೇ ಹೇಳಲಿ. ಕುಡಿದ ಮೇಲೆ ಒಂದು ಒಳ್ಳೆಯ ಮಾತು ಸಾಕು. ಉಳಿದ ಕುಪ್ಪಿಯು ಬೀಗವಿರುವ ಕಪಾಟಿನಲ್ಲಿರಲಿ.

ಎರಡನೆಯದು ತಾಳ್ಮೆ. ಮೂಗು ಹಿಡಿದು, ಮಲಗಿಸಿ, ಅಳುವ ಬಾಯಿಗೆ ಸುರಿಯುವುದು ನಮ್ಮಲ್ಲಿ ಹಳೆಯ ರೂಢಿ. ಇದು ಅಪಾಯಕರ, ಮದ್ದು ಶ್ವಾಸನಾಳಕ್ಕೆ ಇಳಿಯಬಹುದು. ಮಗುವನ್ನು ನೆಟ್ಟಗೆ ಕುಳ್ಳಿರಿಸಿ, ಡ್ರಾಪರಿನಿಂದ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ನುಂಗಿದ ಮೇಲೆ ಮತ್ತಷ್ಟು ಬಿಡಬೇಕು. ಲೋಟ ತುಂಬ ಹಾಲಿಗೆ ಮದ್ದು ಬೆರೆಸಿದರೆ, ಮಗು ಅರ್ಧ ಹಾಲು ಬಿಟ್ಟಾಗ ಅರ್ಧ ಮದ್ದೂ ಉಳಿಯಿತು. ಏನನ್ನಾದರೂ ಬೆರೆಸುವ ಮೊದಲು, ಗುಳಿಗೆಯನ್ನು ಪುಡಿಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ಕುಡಿದೊಡನೆ ವಾಂತಿಯಾದರೆ, ಮತ್ತೆ ಕೊಡಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು.

ಮೂರನೆಯದು ಅಳತೆ. ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಮದ್ದಿನೊಂದಿಗೆ ಬರುವ ಮುಚ್ಚಳ ಅಥವಾ ಡ್ರಾಪರಿನಿಂದಲೇ ಅಳೆಯಬೇಕು. ಒಂದು ಲೆಕ್ಕವನ್ನು ಗಮನಿಸಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಮದ್ದಿರುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದು ಬರೆದಿರುವ ಸಿರಪ್‌ನ 1 ಮಿಲಿಲೀಟರಿನಲ್ಲಿ ಇರುವುದು 25 ಮಿಲಿಗ್ರಾಂ ಮಾತ್ರ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಾಲು ಮದ್ದು ಒಳಹೋಗುತ್ತದೆ. ಮದ್ದು ಒಂದೇ, ಕುಪ್ಪಿ ಬೇರೆ ಎಂದು ತಾತ್ಸಾರ ಮಾಡುವಂತಿಲ್ಲ. ಪುಡಿಯ ರೂಪದಲ್ಲಿ ಬರುವ ಆಂಟಿಬಯಾಟಿಕ್‌ಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಬೆರೆಸಿ, ಪ್ರತಿಸಲವೂ ಕುಲುಕಿ ಕೊಡಬೇಕು.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಮನೆಯ ಮಾತು ತುಳುವೋ ಕನ್ನಡವೋ. ಮಲಯಾಳದಲ್ಲಿ 'ಶೇಷಂ' ಎಂದರೆ 'ಆಮೇಲೆ'. ಕನ್ನಡದ ಕಿವಿಗೆ ಅದು 'ಉಳಿದದ್ದು' ಎಂದು ಕೇಳುತ್ತದೆ. ಊಟಕ್ಕೆ ಮೊದಲೋ ಆಮೇಲೋ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ ಎಂಬುದನ್ನು ನೀವು ತಿಳಿದುಕೊಂಡಂತೆ ಮದ್ದಿನ ಅಂಗಡಿಯವರಿಗೆ ತಿರುಗಿ ಹೇಳಿ, ಸರಿಯೆಂದ ಮೇಲೆ ಹೊರಡಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಮನೆಗೆ ಬಂದೊಡನೆ ಅದನ್ನು ಕನ್ನಡದಲ್ಲಿ ಬರೆದು ಕುಪ್ಪಿಗೆ ಅಂಟಿಸಿರಿ. ನೀವು ಕೆಲಸಕ್ಕೆ ಹೋದಾಗ ಮದ್ದು ಕುಡಿಸುವವರು ಅಜ್ಜಿಯಂದಿರು. ಅವರು ಓದುವ ಲಿಪಿ ಅದೊಂದೇ.

ಕೊನೆಯದಾಗಿ, ಹೇಳಿದಷ್ಟು ದಿನ ಕೊಡಬೇಕು. ಭೇದಿಯಾದಾಗ ಓ.ಆರ್.ಎಸ್. ಜೊತೆಗೆ ಸತುವಿನ ಗುಳಿಗೆಯನ್ನು 14 ದಿನ ಕೊಡಲು ಹೇಳುತ್ತಾರೆ. ಮೂರನೆಯ ದಿನಕ್ಕೆ ಭೇದಿ ನಿಂತೊಡನೆ ಗುಳಿಗೆಯನ್ನೂ ನಿಲ್ಲಿಸುವವರೇ ಹೆಚ್ಚು. ಹಾಗೆಯೇ, ಅಣ್ಣನಿಗೆ ತಂದು ಉಳಿದ ಮದ್ದನ್ನು ತಮ್ಮನಿಗೆ ಕೊಡಬಾರದು. ಕೆಮ್ಮಿನ ಸಿರಪ್ಪಿನಿಂದ ಮಧ್ಯಪ್ರದೇಶದಲ್ಲಿ ಮಕ್ಕಳು ತೀರಿಕೊಂಡ ಮೇಲೆ, ಎರಡು ವರ್ಷದೊಳಗಿನವರಿಗೆ ಅಂತಹ ಸಿರಪ್ ಬರೆಯಲೂಬಾರದು, ಕೊಡಲೂಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರಿನಲ್ಲಿ ತಿಳಿಸಿರುವುದನ್ನು ಮರೆಯಬಾರದು.

ಅಂದು ಶರಬತ್ತೆಂದು ಕುಡಿದ ನನ್ನ ಮಗನಿಗೆ ಈಗ ಒಬ್ಬಳು ಮಗಳಿದ್ದಾಳೆ. ಅವನು ಅವಳನ್ನು ಎದುರಿಗೆ ಕುಳ್ಳಿರಿಸಿ, "ಕಹಿ ಉಂಟು ಮಗಳೇ, ಬೇಗ ಮುಗಿಸುವ" ಎನ್ನುತ್ತಾನೆ. ಅವಳು ಮುಖ ಕಿವುಚಿಕೊಂಡು ಕುಡಿಯುತ್ತಾಳೆ. ಮೂವತ್ತೆರಡು ವರ್ಷ ಪಾಠ ಹೇಳಿದ ನನಗೆ ಈ ಪಾಠವನ್ನು ಕಲಿಸಿದವನು ಅವನೇ.

ಮಕ್ಕಳು ಆರೋಗ್ಯವಾಗಿದ್ದರೆ ತರಗತಿ ತುಂಬುವುದು; ತರಗತಿ ತುಂಬಿದರೆ ಕನ್ನಡ ಶಾಲೆ ಉಳಿಯುವುದು. ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.